ಚಾಲಕನ ಕಾಲಡಿಯ ಮ್ಯಾಟ್ ಜರುಗದಂತೆ ಹಿಡಿದಿಡುವ ಕೊಂಡಿ: ವಿನ್ಯಾಸದ ಬಗ್ಗೆ ಸಲಹೆ ಬೇಕು

ರಬ್ಬರ್‌ಹಾಳೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಾರುಗಳ ನೆಲಕ್ಕೆ ಹಾಸುವ ಮ್ಯಾಟುಗಳನ್ನು ತಯಾರಿಸುವ ಸಣ್ಣ ಘಟಕವೊಂದರಲ್ಲಿ ನಾನು ವಿನ್ಯಾಸದ ಕೆಲಸ ನೋಡಿಕೊಳ್ಳುತ್ತೇನೆ. ಇಂಜೆಕ್ಷನ್ ಮೋಲ್ಡಿಂಗ್ ವಿಧಾನದಲ್ಲಿ ಟಿಪಿಇ, ಅಂದರೆ ರಬ್ಬರಿನಂತೆ ಬಾಗುವ ಪ್ಲಾಸ್ಟಿಕ್, ಬಳಸಿ ಸುಮಾರು 3 ಮಿಲಿಮೀಟರ್ ದಪ್ಪದ ಮ್ಯಾಟುಗಳನ್ನು ಮಾಡುತ್ತೇವೆ. ಅಡಿಭಾಗದಲ್ಲಿ ಕಾರ್ಪೆಟ್ಟನ್ನು ಹಿಡಿದುಕೊಳ್ಳಲೆಂದು ಸಣ್ಣ ಸಣ್ಣ ಮುಳ್ಳುಗಳಿವೆ, ಹಿಂದಿನ ಅಂಚಿನಲ್ಲಿ ಕಾರಿನ ನೆಲದ ಗೂಟಕ್ಕೆ ಸಿಕ್ಕಿಸಲು ಒಂದು ದುಂಡನೆಯ ತೂತು ಇದೆ.

ನಮ್ಮ ಹೊಸ ಮಾದರಿಯೊಂದನ್ನು ದಿನನಿತ್ಯ ಓಡುವ ಕಾರಿನಲ್ಲಿ ಹಾಕಿ, ಮ್ಯಾಟಿನ ಅಂಚನ್ನು ಅನುಸರಿಸಿ ಕಾರ್ಪೆಟ್ಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದಿದ್ದೆ. ಏಳು ದಿನಗಳ ನಂತರ ನೋಡಿದಾಗ ಹಿಂದಿನ ಅಂಚು ಹೆಚ್ಚುಕಡಿಮೆ ಇದ್ದಲ್ಲಿಯೇ ಇತ್ತು, ಆದರೆ ಆಕ್ಸಿಲರೇಟರ್ ಕಡೆಯ ಮುಂದಿನ ಮೂಲೆ ಗೆರೆಯಿಂದ 28 ಮಿಲಿಮೀಟರ್ ಜರುಗಿ ಪೆಡಲಿನ ಕಡೆಗೆ ಬಂದಿತ್ತು. ಗೂಟ ಕಳಚಿರಲಿಲ್ಲ, ತೂತು ಹರಿದಿರಲಿಲ್ಲ. ಒಂಟಿ ಗೂಟದ ಸುತ್ತ ಗಡಿಯಾರದ ಮುಳ್ಳಿನಂತೆ ಇಡೀ ಮ್ಯಾಟೇ ತಿರುಗಿತ್ತು. ಮುಳ್ಳುಗಳು ಹಿಡಿದುಕೊಂಡರೆ ಸಾಕು ಎಂಬ ನನ್ನ ಲೆಕ್ಕ ತಪ್ಪಿದೆ ಎಂಬುದು ಅಲ್ಲಿಗೆ ತಿಳಿಯಿತು.

ಎರಡು ಗೂಟಗಳಿರುವ ಕಾರುಗಳಿಗೆ ಎರಡು ತೂತುಗಳನ್ನು ಎಲ್ಲಿ, ಹೇಗೆ ಇಡಬೇಕು? ಗೂಟವೇ ಇಲ್ಲದ ಹಳೆಯ ಕಾರುಗಳಿಗೆ ವೆಲ್ಕ್ರೋ ಪಟ್ಟಿ ಸಾಕೇ, ಅಥವಾ ಕಾರ್ಪೆಟ್ಟಿಗೆ ತಿರುಗಿಸಿ ಕೂರಿಸುವ ಕೊಂಡಿಗಳೇ ಬೇಕೇ? ಕೊಂಡಿ ಎಷ್ಟು ಬಲವನ್ನು ತಡೆದರೆ ನೆಮ್ಮದಿಯಿಂದ ಇರಬಹುದು? ಈ ಕೆಲಸದಲ್ಲಿ ಕೈ ಆಡಿಸಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಅಚ್ಚುಕೆಲಸ

ಗೆರೆ ಎಳೆದು ನೋಡಿದ್ದು ಒಳ್ಳೆಯ ಕೆಲಸ. ಮ್ಯಾಟ್ ಮುಂದಕ್ಕೆ ಎಷ್ಟು ಸರಿಯಿತು ಎಂಬುದನ್ನಷ್ಟೇ ಅಳೆಯುವವರೇ ಹೆಚ್ಚು, ಅದು ಎಷ್ಟು ತಿರುಗಿತು ಎಂದು ನೋಡುವವರು ಕಡಿಮೆ. ಒಂದೇ ಗೂಟವಿದ್ದಾಗ ಅದು ಎಷ್ಟೇ ಗಟ್ಟಿಯಾಗಿರಲಿ, ತಿರುಗುವುದನ್ನು ತಡೆಯುವ ಶಕ್ತಿ ಅದಕ್ಕೆ ಇರುವುದಿಲ್ಲ. ಆದ್ದರಿಂದ ಎರಡು ಗೂಟ ಬೇಕು, ಮತ್ತು ಅವೆರಡರ ನಡುವೆ ಸಾಧ್ಯವಾದಷ್ಟು ಅಂತರ ಇರಬೇಕು. ಪ್ರತಿ ತೂತಿನಲ್ಲಿಯೂ ಹಿಂದಕ್ಕೂ ಮುಂದಕ್ಕೂ 1 ಮಿಲಿಮೀಟರಿನಷ್ಟು ಸಡಿಲವಿದೆ ಎಂದು ಇಟ್ಟುಕೊಳ್ಳಿ. ಗೂಟಗಳ ನಡುವೆ 300 ಮಿಲಿಮೀಟರ್ ಇದ್ದು, ಮುಂದಿನ ಅಂಚು ಅಲ್ಲಿಂದ 600 ಮಿಲಿಮೀಟರ್ ದೂರದಲ್ಲಿದ್ದರೆ, ಒಂದು ಕಡೆ ಮುಂದಕ್ಕೂ ಇನ್ನೊಂದು ಕಡೆ ಹಿಂದಕ್ಕೂ ಸರಿದಾಗ ಮುಂದಿನ ಮೂಲೆ ಪಕ್ಕಕ್ಕೆ ಸುಮಾರು 4 ಮಿಲಿಮೀಟರ್ ವಾಲುತ್ತದೆ. ಅದೇ ಗೂಟಗಳನ್ನು 100 ಮಿಲಿಮೀಟರ್ ಅಂತರದಲ್ಲಿಟ್ಟರೆ ವಾಲುವಿಕೆ 12 ಮಿಲಿಮೀಟರ್ ಆಗುತ್ತದೆ.

ಎರಡನ್ನೂ ಹಿಂದಿನ ಅಂಚಿನಲ್ಲಿ, ಅಂದರೆ ಸೀಟಿನ ಕಡೆಯಲ್ಲಿಯೇ ಇಡಿ. ಪೆಡಲುಗಳ ಕೆಳಗೆ ಎದ್ದು ನಿಲ್ಲುವ ಯಾವ ಸಾಮಾನೂ ಇರಬಾರದು ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಬೇರೆಯೇ ಇದೆ. ಬ್ರೇಕ್ ಒತ್ತುವಾಗ ಹಿಮ್ಮಡಿ ಮ್ಯಾಟನ್ನು ಮುಂದಕ್ಕೆ ತಳ್ಳುತ್ತದೆ. ಹಿಡಿತ ಹಿಂದೆ ಇದ್ದರೆ ಆ ತಳ್ಳುವಿಕೆಗೆ ಹಿಮ್ಮಡಿಯಿಂದ ಗೂಟದವರೆಗಿನ ಭಾಗ ಎಳೆದ ಬಟ್ಟೆಯಂತೆ ಬಿಗಿಯಾಗಿ ನೆಲಕ್ಕೆ ಅಂಟಿಕೊಳ್ಳುತ್ತದೆ. ಹಿಡಿತ ಮುಂದೆ ಮಾತ್ರ ಇದ್ದರೆ ಅದೇ ಹಾಳೆ ಹಿಮ್ಮಡಿಗೂ ಗೂಟಕ್ಕೂ ನಡುವೆ ಒತ್ತಿಕೊಂಡು ಉಬ್ಬಿ ಮೇಲೇಳುತ್ತದೆ, ಅದೂ ಪೆಡಲಿನ ಕೆಳಗೇ. ಬಾಗುವ ಹಾಳೆಯನ್ನು ಎಳೆದು ಹಿಡಿಯಬಹುದೇ ಹೊರತು ತಳ್ಳಿ ಹಿಡಿಯಲಾಗುವುದಿಲ್ಲ.

ಎರಡೂ ತೂತುಗಳನ್ನು ದುಂಡಗೆ ಮಾಡುವ ತಪ್ಪನ್ನು ಮಾಡಬೇಡಿ. ಟಿಪಿಇ ಬಿಸಿಗೆ ಬಹಳ ಹಿಗ್ಗುತ್ತದೆ. ಮೀಟರಿಗೆ, ಒಂದು ಡಿಗ್ರಿಗೆ 0.15 ಮಿಲಿಮೀಟರ್ ಎಂದು ಹಿಡಿದರೆ, ಚಳಿಯ ಬೆಳಗಿನ 10 ಡಿಗ್ರಿಯಿಂದ ಬಿಸಿಲಿನಲ್ಲಿ ನಿಂತ ಕಾರಿನ 70 ಡಿಗ್ರಿಯವರೆಗೆ 300 ಮಿಲಿಮೀಟರ್ ಅಂತರ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಎರಡು ದುಂಡು ತೂತುಗಳು ಅದಕ್ಕೆ ಜಾಗ ಕೊಡುವುದಿಲ್ಲ. ಮ್ಯಾಟ್ ನಡುವೆ ಉಬ್ಬುತ್ತದೆ, ಇಲ್ಲವೇ ಒಂದು ಗೂಟದಿಂದ ತಾನೇ ಎದ್ದು ಬರುತ್ತದೆ. ಆಕ್ಸಿಲರೇಟರ್ ಕಡೆಯ ತೂತು ದುಂಡಗಿರಲಿ, ಇನ್ನೊಂದು ತೂತು ಮೊದಲನೆಯದರ ದಿಕ್ಕಿಗೇ ಉದ್ದವಾಗಿರುವ ಸೀಳಿನಂತಿರಲಿ. ಆಗ ಹಿಗ್ಗುವಿಕೆಯೆಲ್ಲ ಅಪಾಯವಿಲ್ಲದ ಕಡೆಗೆ ಹೋಗುತ್ತದೆ, ಮುಂದಕ್ಕೆ ಜರುಗುವುದನ್ನು ಮಾತ್ರ ಎರಡೂ ಸಮವಾಗಿ ತಡೆಯುತ್ತವೆ.

ಅಚ್ಚಿನಿಂದ ಹೊರಬಂದ ಮೇಲೆ ಸರಕು ಕುಗ್ಗುವುದನ್ನೂ ಮರೆಯಬೇಡಿ. ಶೇಕಡಾ 1.5ರಿಂದ 2ರಷ್ಟು ಕುಗ್ಗಿದರೂ 700 ಮಿಲಿಮೀಟರ್ ಉದ್ದಕ್ಕೆ 10ರಿಂದ 14 ಮಿಲಿಮೀಟರ್ ಆಯಿತು, ಮತ್ತು ಸರಕು ಹರಿದ ದಿಕ್ಕಿಗೂ ಅಡ್ಡ ದಿಕ್ಕಿಗೂ ಅದು ಒಂದೇ ಸಮನಾಗಿರುವುದಿಲ್ಲ. ತೂತುಗಳ ಅಂತರವನ್ನು ಬಿಸಿ ಮ್ಯಾಟಿನ ಮೇಲೆ ಅಳೆಯದೆ ಮಾರನೆಯ ದಿನ ಅಳೆಯಿರಿ.

ಸರ್ವಿಸ್‌ಬೇ

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ನಾನು ಕಾರುಗಳನ್ನು ತೊಳೆದು ಒಳಗೆ ಸ್ವಚ್ಛ ಮಾಡುವ ಕಡೆ ವರ್ಷಗಟ್ಟಲೆ ಕೆಲಸ ಮಾಡಿದವನು, ಹಾಗಾಗಿ ಕೊಂಡಿ ನಿಜವಾಗಿ ಎಲ್ಲಿ ಸೋಲುತ್ತದೆ ಎಂಬುದನ್ನು ಬೇರೆ ಕಡೆಯಿಂದ ನೋಡಿದ್ದೇನೆ.

ವಾಟರ್ ಸರ್ವಿಸ್‌ಗೆ ಬಂದ ಕಾರಿನಿಂದ ಮೊದಲು ಹೊರಬರುವುದು ಮ್ಯಾಟುಗಳೇ. ಅವಸರದಲ್ಲಿ ಎಳೆದು ಗೋಡೆಗೆ ಒರಗಿಸುತ್ತಾರೆ, ನೀರು ಹೊಡೆಯುತ್ತಾರೆ, ಅರೆಬರೆ ಒಣಗುವ ಹೊತ್ತಿಗೆ ಮತ್ತೆ ಒಳಗೆ ಹಾಕುತ್ತಾರೆ. ಆಗ ಗೂಟ ಕಾಣುವುದೇ ಇಲ್ಲ, ಏಕೆಂದರೆ ಸೀಟು ಮುಂದಕ್ಕೆ ಇರುತ್ತದೆ ಮತ್ತು ಗೂಟ ಸೀಟಿನ ನೆರಳಿನಲ್ಲಿರುತ್ತದೆ. ಮ್ಯಾಟನ್ನು ಹಾಸಿ, ಅಂಗೈಯಿಂದ ಎರಡು ಸಲ ತಟ್ಟಿ, ಕೆಲಸ ಮುಗಿಯಿತು ಎಂದು ಬಾಗಿಲು ಹಾಕುತ್ತಾರೆ. ತೂತು ಗೂಟದ ಮೇಲೆ ಕೂತಿರುವಂತೆ ಮೇಲಿನಿಂದ ಕಾಣುತ್ತದೆ, ಆದರೆ ಅದು ಬರೀ ಕೂತಿರುತ್ತದೆ, ಸಿಕ್ಕಿಕೊಂಡಿರುವುದಿಲ್ಲ. ನಾನೂ ಹಾಗೆ ಮಾಡಿದ್ದೇನೆ ಎಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ. ಒಮ್ಮೆ ಹಾಗೆ ಹಾಕಿ ಕೊಟ್ಟ ಕಾರನ್ನು ನಾನೇ ಹಿಂದಕ್ಕೆ ತೆಗೆಯುವಾಗ ಕ್ಲಚ್ ಪೆಡಲ್ ಪೂರ್ತಿ ಕೆಳಗಿಳಿಯದೆ ಗೇರ್ ಕರಕರ ಸದ್ದು ಮಾಡಿತು. ಬಗ್ಗಿ ನೋಡಿದರೆ ಮ್ಯಾಟಿನ ಮೇಲೆದ್ದ ಅಂಚು ಪೆಡಲಿನ ಕೆಳಗೆ ಮಡಚಿಕೊಂಡು ಕೂತಿತ್ತು. ಅದು ಕ್ಲಚ್ ಆಗಿದ್ದಕ್ಕೆ ಗೇರ್ ಕಿರುಚಿತು, ಬ್ರೇಕ್ ಆಗಿದ್ದರೆ ಏನಾಗುತ್ತಿತ್ತೋ.

ಇನ್ನೊಂದು ಸಂಗತಿ ಗೂಟದ ತಲೆಯದು. ತಿರುಗಿಸಿ ಬೀಗ ಹಾಕುವ ಗೂಟಗಳಲ್ಲಿ ತಿರುಗುವ ಭಾಗದ ಸಂದಿಗೆ ಕೆಸರು ಮತ್ತು ಮರಳು ಸೇರಿ ಅದು ಅರ್ಧಕ್ಕೇ ನಿಲ್ಲುತ್ತದೆ. ಬಿಡಿಯಾಗಿ ಕೈಗೆ ಬರುವ ಟೊಪ್ಪಿಯಂತಹ ಭಾಗವಿದ್ದರೆ ಅದು ಎರಡನೆಯ ಸರ್ವಿಸ್‌ ಹೊತ್ತಿಗೆ ಕಳೆದುಹೋಗಿರುತ್ತದೆ. ಆದ್ದರಿಂದ ನನ್ನ ಕೋರಿಕೆ ಇಷ್ಟು: ಬಿಡಿ ಭಾಗ ಬೇಡವೇ ಬೇಡ, ಸಿಕ್ಕಿಕೊಂಡಾಗ ‘ಟಕ್’ ಎಂದು ಕಿವಿಗೆ ಕೇಳಬೇಕು ಅಥವಾ ಬೆರಳಿಗೆ ತಿಳಿಯಬೇಕು, ತೂತಿನ ಸುತ್ತ ಎದ್ದು ಕಾಣುವ ಬಣ್ಣದ ಬಳೆ ಇರಬೇಕು. ಮ್ಯಾಟು ಕಪ್ಪು, ಕಾರ್ಪೆಟ್ ಕಪ್ಪು, ಗೂಟವೂ ಕಪ್ಪು ಆಗಿದ್ದರೆ ಯಾರಿಗೆ ಏನು ಕಾಣಬೇಕು?

ರಬ್ಬರ್‌ಹಾಳೆ

ಇಬ್ಬರಿಗೂ ಧನ್ಯವಾದಗಳು. ದುಂಡು ತೂತು ಮತ್ತು ಸೀಳುತೂತಿನ ಜೋಡಿ ನನಗೆ ಹೊಳೆದಿರಲಿಲ್ಲ. ಬಣ್ಣದ ಬಳೆಯನ್ನು ಮ್ಯಾಟಿನೊಂದಿಗೇ ಅಚ್ಚು ಹೊಯ್ಯುವುದಾದರೆ ಯಾವ ಪ್ಲಾಸ್ಟಿಕ್ ಬಳಸಬೇಕು? ನೈಲಾನ್ ಗಟ್ಟಿ ಎಂದು ಅದನ್ನೇ ಪ್ರಯತ್ನಿಸಿದೆ, ಆದರೆ ಹತ್ತು ಸಲ ಹಾಕಿ ತೆಗೆಯುವಷ್ಟರಲ್ಲಿ ಬಳೆ ಮ್ಯಾಟಿನಿಂದ ಬಿಟ್ಟುಕೊಂಡು ಬಂದಿತು. ಗೂಟವಿಲ್ಲದ ಕಾರುಗಳ ಪ್ರಶ್ನೆಯೂ ಹಾಗೆಯೇ ಉಳಿದಿದೆ.

ಅಚ್ಚುಕೆಲಸ

ನಿಮ್ಮ ಟಿಪಿಇ ಎಸ್‌ಇಬಿಎಸ್ ಎಂಬ ರಬ್ಬರಿನಂತಹ ಸರಕಿನ ಆಧಾರದ್ದಾಗಿದ್ದರೆ ಅದು ಪಾಲಿಪ್ರೊಪಿಲೀನ್‌ಗೆ ಬಿಸಿಯಲ್ಲಿ ಚೆನ್ನಾಗಿ ಬೆಸೆದುಕೊಳ್ಳುತ್ತದೆ. ನೈಲಾನ್‌ಗೆ ಅಂಟಬೇಕಾದರೆ ಅದಕ್ಕೆಂದೇ ಮಾರ್ಪಡಿಸಿದ ದರ್ಜೆ ಬೇಕಾಗುತ್ತದೆ. ಹಾಗಾಗಿ ಪಾಲಿಪ್ರೊಪಿಲೀನ್ ಬಳೆಯನ್ನು ಅಚ್ಚಿನೊಳಗೆ ಮೊದಲೇ ಇಟ್ಟು ಅದರ ಸುತ್ತ ಟಿಪಿಇ ಹೊಯ್ಯಿರಿ. ಬೆಸುಗೆಯೊಂದನ್ನೇ ನಂಬದೆ ಬಳೆಯ ಅಂಚಿನಲ್ಲಿ ಆರೆಂಟು ಸಣ್ಣ ಕಿಂಡಿಗಳನ್ನು ಬಿಟ್ಟರೆ ಕರಗಿದ ಟಿಪಿಇ ಅವುಗಳ ಮೂಲಕ ಹಾದು ಎರಡೂ ಕಡೆಯಿಂದ ಹಿಡಿದುಕೊಳ್ಳುತ್ತದೆ. ಬಳೆಯ ಸುತ್ತ ಮ್ಯಾಟಿನ ದಪ್ಪವನ್ನು 3ರಿಂದ 5 ಮಿಲಿಮೀಟರಿಗೆ ಏರಿಸಿ, ಆದರೆ ಮೆಟ್ಟಿಲಿನಂತೆ ಒಮ್ಮೆಗೇ ಏರಿಸದೆ ಇಳಿಜಾರಾಗಿ ಏರಿಸಿ, ಏಕೆಂದರೆ ದಪ್ಪ ತಟ್ಟನೆ ಬದಲಾಗುವ ಗೆರೆಯಿಂದಲೇ ಹರಿಯುವುದು ಶುರುವಾಗುತ್ತದೆ. ತೂತಿನಿಂದ ಹೊರ ಅಂಚಿಗೆ ಕನಿಷ್ಠ ತೂತಿನ ಅಗಲದ ಎರಡರಷ್ಟಾದರೂ ಜಾಗ ಬಿಡಿ.

ಬಲದ ಬಗ್ಗೆ ಕೇಳಿದ್ದೀರಿ. ಕಾರಿನಿಂದ ಇಳಿಯುವಾಗ ಒಬ್ಬರ ಭಾರದ ಬಹುಪಾಲು ಮ್ಯಾಟಿನ ಮೇಲಿನ ಒಂದೇ ಕಾಲಿನ ಮೇಲೆ ಬೀಳುತ್ತದೆ. 60 ಕಿಲೋಗ್ರಾಂ ಭಾರ, ಚಪ್ಪಲಿಗೂ ಮ್ಯಾಟಿಗೂ ನಡುವಿನ ಘರ್ಷಣೆ ಅದರ ಅರ್ಧ ಎಂದರೆ 300 ನ್ಯೂಟನ್‌ನಷ್ಟು ಎಳೆತ ಆಯಿತು. ಮ್ಯಾಟಿನ ಅಡಿಯ ಘರ್ಷಣೆ ಇದರಲ್ಲಿ ಒಂದು ಪಾಲನ್ನು ಹೊರುತ್ತದೆ ನಿಜ, ಆದರೆ ಒದ್ದೆಯಾದಾಗ ಅದನ್ನು ನಂಬಲಾಗದು. ನಾನಾದರೆ ಪ್ರತಿ ಕೊಂಡಿಯೂ ಒಂಟಿಯಾಗಿ ಈ 300 ನ್ಯೂಟನ್ ತಡೆಯಬೇಕು ಎಂದು ಪಟ್ಟು ಹಿಡಿಯುತ್ತೇನೆ, ಅದೂ 70 ಡಿಗ್ರಿ ಬಿಸಿಯಲ್ಲಿ, ಏಕೆಂದರೆ ತಣ್ಣಗಿದ್ದಾಗ ಗೆಲ್ಲುವ ಟಿಪಿಇ ಬಿಸಿಯಲ್ಲಿ ಮೆತ್ತಗಾಗಿ ಗೂಟದ ತಲೆಯನ್ನು ನುಂಗಿ ಹೊರಬರುತ್ತದೆ. ಆದರೆ ಈ ಬಲ ನೆಲಕ್ಕೆ ಸಮಾನಾಂತರವಾದ ಎಳೆತಕ್ಕೆ ಮಾತ್ರ. ನೇರ ಮೇಲಕ್ಕೆ ಎತ್ತಿದಾಗ ಒಂದು ಕೈಯಿಂದ ಬಿಡಿಸಿಕೊಳ್ಳುವಂತಿರಬೇಕು. ಮೇಲಕ್ಕೂ ಅಷ್ಟೇ ಗಟ್ಟಿ ಮಾಡಿದರೆ, ತೆಗೆಯಲು ಪರದಾಡಿದವರು ಮುಂದಿನ ಸಲ ಕೊಂಡಿ ಸಿಕ್ಕಿಸುವುದನ್ನೇ ಬಿಡುತ್ತಾರೆ. ಸರ್ವಿಸ್‌ಬೇ ಅವರು ಇದಕ್ಕೆ ಸಾಕ್ಷಿ ಹೇಳಿಯಾರು.

ಗೂಟವಿಲ್ಲದ ಕಾರಿಗೆ ವೆಲ್ಕ್ರೋ ಒಂದನ್ನೇ ನಾನು ಒಪ್ಪುವುದಿಲ್ಲ. ಮೊದಲ ವಾರ ಅದು ಅದ್ಭುತವಾಗಿ ಹಿಡಿಯುತ್ತದೆ. ಆಮೇಲೆ ಕೊಕ್ಕೆಗಳ ತುಂಬ ಕಾರ್ಪೆಟ್ಟಿನ ನಾರು ಮತ್ತು ಮಣ್ಣು ತುಂಬಿಕೊಂಡು ಸೋಲುತ್ತದೆ. ತಿರುಗಿಸಿ ಕೂರಿಸುವ ಸುರುಳಿ ಕೊಂಡಿ ಮೇಲು, ಆದರೆ ಅದರ ಮೊನೆಯ ಉದ್ದವನ್ನು ಕಾರ್ಪೆಟ್ ಮತ್ತು ಅದರಡಿಯ ಮೆತ್ತೆಯ ದಪ್ಪಕ್ಕಿಂತ ಕಡಿಮೆ ಇಡಿ. ಸೀಟಿನ ಹತ್ತಿರ, ಬಾಗಿಲಿನ ಹೊಸ್ತಿಲಿನ ಪಕ್ಕ ಕಾರ್ಪೆಟ್ಟಿನ ಅಡಿಯಲ್ಲೇ ವೈರುಗಳ ಕಟ್ಟು ಹಾದುಹೋಗಿರುತ್ತದೆ. ಕೊಂಡಿ ಹಾಕಲು ಹೋಗಿ ಸೀಟ್ ಬೆಲ್ಟಿನ ಎಚ್ಚರಿಕೆ ದೀಪದ ತಂತಿಗೆ ಚುಚ್ಚಿದರೆ ಆ ದೋಷವನ್ನು ಹುಡುಕುವ ಎಲೆಕ್ಟ್ರಿಷಿಯನ್ ನಿಮ್ಮನ್ನು ಶಪಿಸದೆ ಇರುವುದಿಲ್ಲ.

ಪೆಡಲ್‌ಅಳತೆ

ಇಲ್ಲಿಯವರೆಗಿನ ಚರ್ಚೆ ಕೊಂಡಿ ಹಿಡಿದಿರುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಕೊಂಡಿ ಹಿಡಿಯದಿದ್ದಾಗಲೂ ಮ್ಯಾಟ್ ಪೆಡಲನ್ನು ಹಿಡಿಯಬಾರದು. ಇದನ್ನು ನಾನು ಎರಡನೆಯ ಮಾತಾಗಿ ಅಲ್ಲ, ಮೊದಲನೆಯ ಮಾತಾಗಿಯೇ ಇಡುತ್ತೇನೆ.

2009ರ ಆಗಸ್ಟ್ 28ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಬಳಿ ನಡೆದ ಅಪಘಾತವನ್ನು ಈ ಕೆಲಸದಲ್ಲಿರುವವರು ಒಮ್ಮೆ ಓದಿರಬೇಕು. ಟೊಯೋಟಾ ಕಂಪನಿಯ ಲೆಕ್ಸಸ್ ಇಎಸ್ 350 ಕಾರು ವೇಗ ತಗ್ಗದೆ ಓಡಿ ನಾಲ್ವರು ಮೃತಪಟ್ಟರು. ಆ ಕಾರು ಅವರದಲ್ಲ, ತಮ್ಮ ಕಾರು ಸರ್ವಿಸ್‌ನಲ್ಲಿದ್ದಾಗ ಬದಲಿಗೆ ಕೊಟ್ಟಿದ್ದು. ಅದರಲ್ಲಿ ಹಾಸಿದ್ದ ದಪ್ಪನೆಯ ರಬ್ಬರ್ ಮ್ಯಾಟ್ ಅದೇ ಕಂಪನಿಯ ಬೇರೊಂದು ಮಾದರಿಯದು, ಮತ್ತು ಅದನ್ನು ಕೊಂಡಿಗೆ ಸಿಕ್ಕಿಸಿರಲಿಲ್ಲ. ಕೆಲವು ದಿನಗಳ ಹಿಂದೆ ಅದೇ ಕಾರನ್ನು ಒಯ್ದಿದ್ದ ಇನ್ನೊಬ್ಬರಿಗೂ ಆಕ್ಸಿಲರೇಟರ್ ಸಿಕ್ಕಿಹಾಕಿಕೊಂಡ ಅನುಭವವಾಗಿ, ಅವರು ಹಿಂತಿರುಗಿಸುವಾಗ ಅದನ್ನು ಹೇಳಿದ್ದರು ಎಂದು ತನಿಖೆಯಲ್ಲಿ ಬಂದಿತು. ಅದಕ್ಕೂ ಎರಡು ವರ್ಷ ಮೊದಲು, 2007ರಲ್ಲಿ, ಟೊಯೋಟಾ ಇದೇ ಬಗೆಯ ಸುಮಾರು 55,000 ಮ್ಯಾಟುಗಳನ್ನು ಹಿಂದಕ್ಕೆ ಕರೆಸಿಕೊಂಡಿತ್ತು. 2009ರ ಸೆಪ್ಟೆಂಬರ್ ಕೊನೆಯಲ್ಲಿ ಸುಮಾರು 38 ಲಕ್ಷ ವಾಹನಗಳ ಮಾಲೀಕರಿಗೆ ಚಾಲಕನ ಕಡೆಯ ಮ್ಯಾಟನ್ನು ತೆಗೆದುಹಾಕುವಂತೆ ಸೂಚಿಸಲಾಯಿತು.

ವಿನ್ಯಾಸಕಾರರಿಗೆ ಪಾಠವಿರುವುದು ಆಮೇಲೆ ಮಾಡಿದ ದುರಸ್ತಿಯಲ್ಲಿ. ಕೊಂಡಿಯನ್ನು ಇನ್ನಷ್ಟು ಗಟ್ಟಿ ಮಾಡಿ ಅವರು ಸುಮ್ಮನಾಗಲಿಲ್ಲ. ಆಕ್ಸಿಲರೇಟರ್ ಪೆಡಲಿನ ಕೆಳತುದಿಯನ್ನು ಕತ್ತರಿಸಿ ಗಿಡ್ಡ ಮಾಡಿದರು, ಮ್ಯಾಟುಗಳನ್ನು ಬದಲಿಸಿದರು, ಕೆಲವು ಮಾದರಿಗಳಲ್ಲಿ ಪೆಡಲಿನ ಕೆಳಗಿನ ನೆಲದ ಆಕಾರವನ್ನೇ ತಿದ್ದಿದರು, ಎರಡೂ ಪೆಡಲುಗಳನ್ನು ಒಟ್ಟಿಗೆ ಒತ್ತಿದಾಗ ಬ್ರೇಕ್ ಗೆಲ್ಲುವಂತೆ ಇಂಜಿನ್ನಿನ ಶಕ್ತಿ ಕಡಿತಗೊಳಿಸುವ ವ್ಯವಸ್ಥೆ ಸೇರಿಸಿದರು. ಥ್ರಾಟಲ್, ಅಂದರೆ ಇಂಜಿನ್ನಿಗೆ ಗಾಳಿ ಬಿಡುವ ಕವಾಟ, ಪೂರ್ತಿ ತೆರೆದಿರುವಾಗ ಪೆಟ್ರೋಲ್ ಇಂಜಿನ್ನಿನ ಒಳಗಿನ ನಿರ್ವಾತ ಕಡಿಮೆಯಾಗುವುದರಿಂದ, ಬ್ರೇಕನ್ನು ಎರಡು ಮೂರು ಸಲ ಬಿಟ್ಟು ಒತ್ತಿದರೆ ಆ ನಿರ್ವಾತದ ಬಲದಿಂದ ಕಾಲಿನ ಒತ್ತಡವನ್ನು ಹೆಚ್ಚಿಸುವ ಬೂಸ್ಟರ್‌ನ ಸಹಾಯ ಕರಗಿಹೋಗಿ ಪೆಡಲ್ ಕಲ್ಲಿನಂತಾಗುತ್ತದೆ. ಮ್ಯಾಟಿನ ಒಂದು ಅಂಚು ಸಿಕ್ಕಿಕೊಂಡರೆ ಎಷ್ಟು ಸರಪಣಿಯಾಗಿ ಎಲ್ಲವೂ ಕೈಕೊಡುತ್ತದೆ ಎಂಬುದಕ್ಕೆ ಇದನ್ನು ಹೇಳಿದೆ.

ನಿಮ್ಮ ಕೈಯಲ್ಲಿ ಕಾರಿನ ಪೆಡಲ್ ಇಲ್ಲ, ಮ್ಯಾಟಿನ ಅಂಚು ಇದೆ. ಕೆಸರು ಹಿಡಿಯಲೆಂದು ಮ್ಯಾಟಿನ ಸುತ್ತ ಎತ್ತರದ ಬದು ಕಟ್ಟುವುದು ಈಗ ಎಲ್ಲರ ಹವ್ಯಾಸ. ಆಕ್ಸಿಲರೇಟರ್ ಇರುವ ಕಡೆ ಆ ಬದುವನ್ನು ತೆಗೆದುಬಿಡಿ, ಅಂಚನ್ನು ಇಳಿಜಾರಾಗಿ ತೆಳುವಾಗಿಸಿ. ಪೆಡಲಿನ ಕೆಳತುದಿ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಮ್ಯಾಟಿನ ಚಪ್ಪಟೆ ಭಾಗಕ್ಕಲ್ಲ, ಇಂತಹ ಬದುವಿಗೆ ಅಥವಾ ಅಡ್ಡಲಾಗಿ ಕೊರೆದ ಕಾಲುವೆಗೆ. ಪೆಡಲಿನ ಕೆಳಗೆ ಕಾಲುವೆಗಳು ಉದ್ದುದ್ದಕ್ಕೆ ಹರಿಯಲಿ, ಆಗ ತುದಿ ತಗುಲಿದರೂ ಜಾರಿಕೊಂಡು ಹಿಂದೆ ಬರುತ್ತದೆ. ನೆಲಕ್ಕೇ ಕೀಲಿರುವ ಪೆಡಲುಗಳ ಕಾರಾದರೆ ಮ್ಯಾಟ್ ಆ ಕೀಲಿಗಿಂತ ಹಿಂದೆಯೇ ನಿಲ್ಲಬೇಕು.

ಪರೀಕ್ಷೆಯನ್ನು ಹೀಗೆ ಮಾಡಿ. ಇಂಜಿನ್ ನಿಲ್ಲಿಸಿ, ಕೊಂಡಿಗಳನ್ನು ಬೇಕೆಂದೇ ಬಿಡಿಸಿ, ಮ್ಯಾಟನ್ನು ಕೈಯಿಂದ ಎಷ್ಟು ಮುಂದಕ್ಕೆ ಹೋಗುತ್ತದೆಯೋ ಅಷ್ಟೂ ತಳ್ಳಿ. ಈಗ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ತಟ್ಟನೆ ಬಿಡಿ. ಅದು ಸರಾಗವಾಗಿ ಮೇಲೆ ಬಂದರೆ ನಿಮ್ಮ ವಿನ್ಯಾಸ ಒಂದು ಹಂತ ದಾಟಿತು. ಬಳಿಕ ಎಡಕ್ಕೆ ವಾಲಿಸಿ, ಬಲಕ್ಕೆ ವಾಲಿಸಿ, ಹಳೆಯ ಕಾರ್ಪೆಟ್ ಮ್ಯಾಟಿನ ಮೇಲೆ ನಿಮ್ಮದನ್ನು ಹಾಸಿ ಮತ್ತೆ ಮಾಡಿ. ಒಂದರ ಮೇಲೊಂದು ಹಾಸಬಾರದು ಎಂದು ನೀವು ಎಷ್ಟು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದರೂ ಹಾಸುವವರು ಹಾಸಿಯೇ ತೀರುತ್ತಾರೆ.

ಸರ್ವಿಸ್‌ಬೇ

ಪೆಡಲ್‌ಅಳತೆ ಅವರು ಹೇಳಿದ ‘ಬೇರೊಂದು ಮಾದರಿಯ ಮ್ಯಾಟ್’ ನಮ್ಮಲ್ಲಿ ದಿನವೂ ನಡೆಯುವಂಥದ್ದು. ನಾಲ್ಕು ಕಾರುಗಳ ಮ್ಯಾಟುಗಳು ಒಂದೇ ಗೋಡೆಗೆ ಒರಗಿರುವಾಗ ಅದಲುಬದಲಾಗುವುದಕ್ಕೆ ಎಷ್ಟು ಹೊತ್ತು? ಮಾದರಿಯ ಹೆಸರನ್ನು ಅಡಿಭಾಗದಲ್ಲಿ ಕಾಣದ ಹಾಗೆ ಬರೆಯದೆ ಮೇಲ್ಭಾಗದಲ್ಲಿಯೇ, ದುಂಡು ತೂತಿನ ಪಕ್ಕದಲ್ಲಿ ಉಬ್ಬು ಅಕ್ಷರದಲ್ಲಿ ಬರೆಯಿರಿ.

ರಬ್ಬರ್‌ಹಾಳೆ

ಎಲ್ಲರ ಸಲಹೆಗಳನ್ನು ಇಟ್ಟುಕೊಂಡು ಮೂರು ವಾರ ಕೆಲಸ ಮಾಡಿ ಈಗ ಬರೆಯುತ್ತಿದ್ದೇನೆ.

ಕೊಂಡಿಗಳನ್ನು ಬಿಡಿಸಿ ಮಾಡುವ ಪರೀಕ್ಷೆಯನ್ನೇ ಮೊದಲು ಮಾಡಿದೆ. ನಮ್ಮ ಹಳೆಯ ವಿನ್ಯಾಸ ಅದರಲ್ಲಿ ಸೋತಿತು ಎಂಬುದನ್ನು ಮುಚ್ಚಿಡುವುದಿಲ್ಲ. ಪೆಡಲನ್ನು ಪೂರ್ತಿ ಒತ್ತಿ ಬಿಟ್ಟಾಗ ಅದರ ಕೆಳತುದಿ 12 ಮಿಲಿಮೀಟರ್ ಎತ್ತರದ ಬದುವಿನ ಕೆಳಗೆ ಹೊಕ್ಕು ಅಲ್ಲಿಯೇ ನಿಂತಿತು. ಕಾಲು ತೆಗೆದ ಮೇಲೂ ಪೆಡಲ್ ಕೆಳಗೇ ಇರುವುದನ್ನು ನಿಂತ ಕಾರಿನಲ್ಲಿ ನೋಡಿದರೂ ಎದೆ ಝಲ್ಲೆನ್ನುತ್ತದೆ. ಆ ಜಾಗದ ಬದುವನ್ನು ಚಾಕುವಿನಿಂದಲೇ ಹೆರೆದು ತೆಗೆದು ಮತ್ತೆ ಮಾಡಿದಾಗ ಪೆಡಲ್ ಮ್ಯಾಟಿನ ಅಂಚನ್ನು ಸವರಿಕೊಂಡು ಮೇಲೆ ಬಂದಿತು. ಅಚ್ಚಿನ ಆ ಮೂಲೆಯನ್ನು ತಿದ್ದಲು ಕೊಟ್ಟಿದ್ದೇನೆ.

ದುಂಡು ತೂತು ಮತ್ತು ಸೀಳುತೂತಿನ ಜೋಡಿಯನ್ನು 310 ಮಿಲಿಮೀಟರ್ ಅಂತರದಲ್ಲಿ ಇಟ್ಟು ಮತ್ತೆ ಸೀಮೆಸುಣ್ಣದ ಗೆರೆ ಎಳೆದೆ. ಏಳು ದಿನಗಳಲ್ಲಿ ಮುಂದಿನ ಮೂಲೆ ಜರುಗಿದ್ದು 3 ಮಿಲಿಮೀಟರ್. ಪಾಲಿಪ್ರೊಪಿಲೀನ್ ಬಳೆ ಇನ್ನೂರು ಸಲ ಹಾಕಿ ತೆಗೆದರೂ ಬಿಟ್ಟುಕೊಳ್ಳಲಿಲ್ಲ. ಬಳೆಗೆ ಕಿತ್ತಳೆ ಬಣ್ಣ ಕೊಟ್ಟಿದ್ದೇವೆ, ಮಾದರಿಯ ಹೆಸರು ಅದರ ಪಕ್ಕದಲ್ಲಿಯೇ ಇದೆ. ಬಿಸಿಯಲ್ಲಿ ಎಳೆಯುವ ಪರೀಕ್ಷೆಗೆ ಯಂತ್ರವಿಲ್ಲದ ಕಾರಣ ಮ್ಯಾಟನ್ನು 70 ಡಿಗ್ರಿ ಒಲೆಯಲ್ಲಿಟ್ಟು ಹೊರತೆಗೆದ ಕೂಡಲೇ ಸ್ಪ್ರಿಂಗ್ ತಕ್ಕಡಿಯಿಂದ ಎಳೆದೆವು. ಒಂದು ಕೊಂಡಿ 26 ಕಿಲೋಗ್ರಾಮಿಗೆ, ಅಂದರೆ ಸುಮಾರು 255 ನ್ಯೂಟನ್‌ಗೆ, ಗೂಟದಿಂದ ಕಳಚಿತು. ಅಚ್ಚುಕೆಲಸ ಅವರ 300ಕ್ಕೆ ಇನ್ನೂ ಮುಟ್ಟಿಲ್ಲ, ಹಾಗಾಗಿ ಗೂಟದ ತಲೆಯನ್ನು ಹಿಡಿಯುವ ಬಳೆಯ ಒಳತುಟಿಯನ್ನು ಅರ್ಧ ಮಿಲಿಮೀಟರ್ ಹೆಚ್ಚಿಸಿ ಮತ್ತೆ ನೋಡುತ್ತೇವೆ.

ಒಂದು ಹೊಸ ತೊಂದರೆ ಕಂಡಿದೆ. ಸಾಗಿಸಲು ಮ್ಯಾಟುಗಳನ್ನು ಸುರುಳಿ ಸುತ್ತಿ ಡಬ್ಬಿಗೆ ಹಾಕಿದರೆ, ಬಿಚ್ಚಿ ಹಾಸಿದ ಮೇಲೂ ಮುಂದಿನ ಅಂಚು ಒಂದೆರಡು ದಿನ ಮೇಲಕ್ಕೆ ಸುರುಳಿಕೊಂಡೇ ಇರುತ್ತದೆ, ಅಷ್ಟು ಹೊತ್ತೂ ಅದು ಪೆಡಲಿಗೆ ಹತ್ತಿರ. ಸದ್ಯಕ್ಕೆ ಉದ್ದನೆಯ ಡಬ್ಬಿ ಮಾಡಿಸಿ ಚಪ್ಪಟೆಯಾಗಿಯೇ ಕಳಿಸುವುದೆಂದು ತೀರ್ಮಾನಿಸಿದ್ದೇವೆ.

ಅಚ್ಚುಕೆಲಸ

ಡಬ್ಬಿಯ ನಿರ್ಧಾರ ಸರಿಯಾಗಿದೆ. ಒಳತುಟಿಯನ್ನು ಸುತ್ತಲೂ ಹೆಚ್ಚಿಸಬೇಡಿ, ಮೇಲಕ್ಕೆ ಎತ್ತುವುದು ಕಷ್ಟವಾಗುತ್ತದೆ. ಹಿಂದಿನ ಅರ್ಧದಲ್ಲಿ ಮಾತ್ರ ಹೆಚ್ಚಿಸಿ. ಮ್ಯಾಟ್ ಮುಂದಕ್ಕೆ ಎಳೆದಾಗ ಗೂಟಕ್ಕೆ ಒತ್ತಿಕೊಳ್ಳುವುದು ತೂತಿನ ಆ ಹಿಂಬದಿಯೇ.